ಔಷಧಿ ಬದಲಾಯಿಸಿದರೂ ಹುಳ ಸಾಯುತ್ತಿಲ್ಲ: ಕೃಷಿ ಮತ್ತು ತೋಟಗಾರಿಕೆ ಅಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಜಂಟಿ ಕೃಷಿ ನಿರ್ದೇಶಕರು ಮತ್ತು ತೋಟಗಾರಿಕೆ ಉಪ ನಿರ್ದೇಶಕರು,
ಹಾಸನ ಜಿಲ್ಲೆ.

ವಿಷಯ: ಕೀಟನಾಶಕಕ್ಕೆ ಜಗ್ಗದ ಹುಳಗಳ ಬಗ್ಗೆ ಮತ್ತು ಹೋಬಳಿ ಮಟ್ಟದಲ್ಲಿ ಔಷಧಿ ಸರದಿ ಗೊತ್ತು ಮಾಡುವಂತೆ ಮನವಿ.

ಮಾನ್ಯರೇ,

ನಾನು ಬೇಲೂರು ತಾಲ್ಲೂಕಿನ ತರಕಾರಿ ಬೆಳೆಗಾರ. ಎಲೆಕೋಸು ಮತ್ತು ಟೊಮೆಟೊದಿಂದ ನಮ್ಮ ಮನೆ ನಡೆಯುತ್ತದೆ. ಮಳೆಗಾಲಕ್ಕೆ ಮುಸುಕಿನ ಜೋಳ, ಚಳಿಗಾಲಕ್ಕೆ ಒಂದಿಷ್ಟು ಅವರೆ. ಈ ಪತ್ರ ಬೆಳೆ ಪರಿಹಾರ ಕೇಳಲು ಬರೆಯುತ್ತಿಲ್ಲ. ಹುಳಗಳು ಔಷಧಿಗೆ ಸಾಯದಂತಾಗಿವೆ. ಅದನ್ನು ತಡೆಯುವುದು ಒಬ್ಬೊಬ್ಬ ರೈತನ ಕೈಯಲ್ಲಿ ಇಲ್ಲ. ಇಷ್ಟನ್ನು ಬಿಡಿಸಿ ಹೇಳಬೇಕು ಅನ್ನಿಸಿತು. ಅಂಗಡಿಯವರಿಗೂ ನಮ್ಮ ರೈತರಿಗೂ ಇದರಲ್ಲಿ ಪಾಲಿರುವುದರಿಂದ ಎಲ್ಲರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ಕಣ್ಣಾರೆ ಕಂಡದ್ದು. ಈ ಸಲ ಕೋಸು ಗಡ್ಡೆ ಕಟ್ಟುವ ಹೊತ್ತಿಗೆ ನಮ್ಮ ಸುತ್ತಲಿನ ಹೊಲಗಳಲ್ಲಿ ಎಲೆಗಳೆಲ್ಲ ಕಿಟಕಿ ಗಾಜಿನ ಹಾಗೆ ಆಗಿದ್ದವು. ಅಡಿಯಿಂದ ಹುಳ ಕೆರೆದು ತಿಂದು ಮೇಲಿನ ತೆಳು ಪೊರೆ ಮಾತ್ರ ಉಳಿದಿತ್ತು. ಔಷಧಿ ಹೊಡೆದ ಮೂರನೇ ದಿನ ಒಂದು ಎಲೆ ತಿರುಗಿಸಿ ನೋಡಿದೆ. ತಿಳಿ ಹಸಿರು ಬಣ್ಣದ, ಎರಡೂ ತುದಿ ಚೂಪಾದ ಸಣ್ಣ ಹುಳಗಳು ಆರಾಮಾಗಿ ತಿನ್ನುತ್ತಿದ್ದವು. ಬೆರಳು ತಾಗಿಸಿದ ಕೂಡಲೇ ಒಂದು ಹುಳ ಹಿಂದಕ್ಕೆ ಮಿಸುಕಾಡಿ, ದಾರ ಬಿಟ್ಟು ಕೆಳಗೆ ಜೋತುಬಿತ್ತು. ಸ್ವಲ್ಪ ಹೊತ್ತಿನಲ್ಲಿ ಅದೇ ದಾರ ಹಿಡಿದು ಮತ್ತೆ ಎಲೆಗೆ ಹತ್ತಿತು. ಇದು ವಜ್ರಬೆನ್ನಿನ ಪತಂಗದ ಮರಿ ಎಂದು ನಿಮಗೆ ಗೊತ್ತೇ ಇದೆ. ಹೊಡೆದದ್ದು ಕ್ಲೋರಾಂಟ್ರಾನಿಲಿಪ್ರೋಲ್. ಮೊದಲೆಲ್ಲ ಒಂದು ಸಲ ಹೊಡೆದರೆ ವಾರಗಟ್ಟಲೆ ಕೋಸಿನ ಕಡೆ ತಲೆ ಹಾಕಬೇಕಾಗಿರಲಿಲ್ಲ.

ಪಕ್ಕದ ಹೊಲದವರು ಅದನ್ನೇ ಎರಡು ಪಟ್ಟು ಹಾಕಿದರು. ಆಚೆ ಹೊಲದವರು ಮೂರು ಬಗೆಯ ಔಷಧಿಯನ್ನು ಒಂದೇ ಟ್ಯಾಂಕಿಗೆ ಸುರಿದರು. ಹುಳ ಹಾಗೇ ಇತ್ತು. ಮಂಗಳೂರಿಗೆ ಲೋಡ್ ಮಾಡುವವರು ಬಂದು, ತೂತು ಬಿದ್ದ ಕೋಸು ಬೇಡ ಅಂದು ಅರ್ಧ ಹೊಲ ಹಾಗೇ ಬಿಟ್ಟು ಹೋದರು. ಸಾಲ ತಂದು ಹೊಡೆದ ಔಷಧಿಯ ದುಡ್ಡೂ ಹೋಯಿತು, ಬೆಳೆಯೂ ಹೋಯಿತು.

ಔಷಧಿ ಕೆಲಸ ಮಾಡದಿರುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ, ಒಪ್ಪುತ್ತೇನೆ. ನಕಲಿ ಮಾಲು ಇರಬಹುದು. ನಾಜಲ್ ಸರಿ ಇಲ್ಲದೆ ಎಲೆಯ ಅಡಿಗೆ ಔಷಧಿ ತಾಗದೆ ಇರಬಹುದು. ಹೊಡೆದ ಕೂಡಲೇ ಮಳೆ ಬಂದಿರಬಹುದು. ಆದರೆ ಬೇರೆ ಬೇರೆ ಅಂಗಡಿಯಿಂದ ತಂದು, ಬೇರೆ ಬೇರೆ ಜನ ಹೊಡೆದಾಗಲೂ ಹುಳ ಸಾಯುತ್ತಿಲ್ಲ ಅಂದರೆ ಹುಳವನ್ನೇ ಪರೀಕ್ಷೆ ಮಾಡಿ ನೋಡಬೇಕು ಅಲ್ವಾ?

ಹುಳ ಔಷಧಿ ಕುಡಿದು ಕುಡಿದು ಒಗ್ಗಿಕೊಂಡಿದೆ ಎಂದು ನಮ್ಮ ಕಡೆ ಹೇಳುತ್ತಾರೆ. ನಡೆಯುವುದು ಹಾಗಲ್ಲ. ಒಂದು ಹೊಲದಲ್ಲಿ ಲಕ್ಷಾಂತರ ಹುಳ ಇರುತ್ತವೆ. ಅವೆಲ್ಲ ಒಂದೇ ತರಹ ಇರುವುದಿಲ್ಲ. ಅದರಲ್ಲಿ ಎಲ್ಲೋ ಒಂದೆರಡಕ್ಕೆ ಹುಟ್ಟಿನಿಂದಲೇ ಆ ವಿಷ ತಡೆದುಕೊಳ್ಳುವ ಗುಣ ಇರುತ್ತದೆ. ಔಷಧಿ ಬೀಳುವ ತನಕ ಆ ಗುಣಕ್ಕೆ ಬೆಲೆ ಇಲ್ಲ. ಬಿದ್ದ ಮೇಲೆ ಉಳಿದವೆಲ್ಲ ಸತ್ತು ಅವು ಮಾತ್ರ ಬದುಕುತ್ತವೆ. ಅವೇ ಜೋಡಿಯಾಗಿ ಮೊಟ್ಟೆ ಇಡುತ್ತವೆ. ನಮ್ಮ ಹಿರಿಯರು ಕಣದಲ್ಲಿ ಒಳ್ಳೆ ರಾಗಿ ತೆನೆ ಆರಿಸಿ ಮುಂದಿನ ವರ್ಷದ ಬೀಜಕ್ಕೆ ಎತ್ತಿಡುತ್ತಿದ್ದರಲ್ಲ, ಪ್ರತಿ ಸಲ ಒಂದೇ ಔಷಧಿ ಹೊಡೆದಾಗ ನಾವು ಗಟ್ಟಿ ಹುಳಗಳನ್ನು ಹಾಗೇ ಆರಿಸಿ ಬೀಜಕ್ಕೆ ಬಿಡುತ್ತಿದ್ದೇವೆ.

ತಡೆದುಕೊಳ್ಳುವ ದಾರಿಗಳೂ ಹಲವು. ಕೆಲವು ಹುಳಗಳ ಮೈಯಲ್ಲಿ ವಿಷವನ್ನು ಒಡೆದು ಹಾಕುವ ಕಿಣ್ವಗಳು ಜಾಸ್ತಿ ತಯಾರಾಗುತ್ತವೆ. ಕೆಲವಕ್ಕೆ ಚರ್ಮ ದಪ್ಪ, ವಿಷ ಒಳಗೆ ಇಳಿಯುವುದು ನಿಧಾನ. ಇನ್ನು ಕೆಲವದರಲ್ಲಿ ವಿಷ ಹೋಗಿ ಕೂರಬೇಕಾದ ಜಾಗದ ಆಕಾರವೇ ಬದಲಾಗಿರುತ್ತದೆ. ಕ್ಲೋರಾಂಟ್ರಾನಿಲಿಪ್ರೋಲ್ ಕೆಲಸ ಮಾಡುವುದು ಹುಳದ ಸ್ನಾಯುಗಳ ಮೇಲೆ. ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುಗಡೆ ಮಾಡುವ ಒಂದು ಪ್ರೊಟೀನ್ ಇದೆ. ಈ ಔಷಧಿ ಅದಕ್ಕೆ ಅಂಟಿಕೊಂಡರೆ ಹುಳ ಸೆಟೆದುಕೊಂಡು ತಿನ್ನುವುದನ್ನು ಬಿಡುತ್ತದೆ. ಸಾವಿರಾರು ಅಮೈನೋ ಆಮ್ಲಗಳ ಆ ಪ್ರೊಟೀನಿನಲ್ಲಿ ಒಂದು ಜಾಗದಲ್ಲಿ ಒಂದೇ ಒಂದು ಬದಲಾದರೂ ಔಷಧಿಯ ಹಿಡಿತ ತಪ್ಪುತ್ತದೆ. ವಜ್ರಬೆನ್ನಿನ ಪತಂಗದಲ್ಲಿ ಇಂಥ ಬದಲಾವಣೆಯನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಹೀಗೆ ಜಾಗವೇ ಬದಲಾದ ಮೇಲೆ ಅದೇ ಜಾಗಕ್ಕೆ ಅಂಟುವ ಬೇರೆ ಔಷಧಿಗಳೂ ಸೋಲುತ್ತವೆ. ಹೆಸರು ಬೇರೆ, ಕಂಪನಿ ಬೇರೆ, ಆದರೆ ಹುಳಕ್ಕೆ ಎಲ್ಲವೂ ಒಂದೇ.

ಇದೆಲ್ಲ ಆಗುವ ವೇಗ ನೋಡಿ. ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಪತಂಗ ಆಗಲು ಈ ಹುಳಕ್ಕೆ 15ರಿಂದ 20 ದಿನ ಸಾಕು. ಒಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಒಂದು ಕೋಸಿನ ಬೆಳೆ ಮುಗಿಯುವುದರೊಳಗೆ ನಾಲ್ಕೈದು ತಲೆಮಾರು ಕಳೆಯುತ್ತದೆ. ನಮ್ಮ ಕಡೆ ವರ್ಷವಿಡೀ ಎಲ್ಲೋ ಒಂದು ಕಡೆ ಕೋಸು ಇದ್ದೇ ಇರುತ್ತದೆ. ಹುಳಕ್ಕೆ ಬಿಡುವೇ ಇಲ್ಲ.

ಇದು ಹೊಸ ವಿಷಯವೂ ಅಲ್ಲ. 1914ರಲ್ಲೇ ಅಮೆರಿಕದ ಕೀಟ ವಿಜ್ಞಾನಿ ಎ. ಎಲ್. ಮೆಲಾಂಡರ್ ಅವರು ವಾಷಿಂಗ್ಟನ್ ರಾಜ್ಯದ ಹಣ್ಣಿನ ತೋಟಗಳಲ್ಲಿ ಸುಣ್ಣ ಗಂಧಕದ ದ್ರಾವಣಕ್ಕೆ, ಗಿಡಕ್ಕೆ ಅಂಟಿಕೊಂಡು ರಸ ಹೀರುವ ಶಲ್ಕ ಕೀಟ ಸಾಯುತ್ತಿಲ್ಲ ಎಂದು ಬರೆದಿದ್ದರು. ನಮ್ಮ ಈ ಕೋಸಿನ ಹುಳ ಡಿಡಿಟಿಗೆ ಸಾಯುತ್ತಿಲ್ಲ ಎಂದು 1953ರಲ್ಲಿ ಇಂಡೋನೇಷ್ಯಾದ ಜಾವಾದಿಂದ ವರದಿ ಬಂತು. 1990ರ ಹೊತ್ತಿಗೆ ಹವಾಯಿಯಲ್ಲಿ ಬಿಟಿ ಎಂಬ ಬ್ಯಾಕ್ಟೀರಿಯಾದಿಂದ ಮಾಡಿದ ಔಷಧಿಯ ಸಿಂಪಡಣೆಯನ್ನೂ ಅದು ಗೆದ್ದಿತ್ತು. ಇಂದು 500ಕ್ಕೂ ಹೆಚ್ಚು ಜಾತಿಯ ಕೀಟಗಳು ಒಂದಲ್ಲ ಒಂದು ವಿಷಕ್ಕೆ ಜಗ್ಗದಂತಾಗಿವೆ. ನಮ್ಮ ದೇಶದಲ್ಲೇ 1987ರಲ್ಲಿ ಆಂಧ್ರದ ಹತ್ತಿ ಹೊಲಗಳಲ್ಲಿ ಕಾಯಿಕೊರಕ ಪೈರಿಥ್ರಾಯ್ಡ್ ಔಷಧಿಗಳಿಗೆ ಬಗ್ಗದೆ ಎಷ್ಟೋ ಮನೆಗಳು ಹಾಳಾದವು. ಅಲ್ಲಿಯೂ ರೈತರು ಮಾಡಿದ್ದು ಇದನ್ನೇ. ಸಾಯದಿದ್ದಾಗ ಇನ್ನಷ್ಟು ಹೊಡೆದರು.

ಮಲೆನಾಡಿನವರಿಗೆ ಇದು ಬೇರೆ ರೂಪದಲ್ಲಿ ಗೊತ್ತು. ಸಕಲೇಶಪುರ, ಮೂಡಿಗೆರೆ ಕಡೆಯ ಹಿರಿಯರಿಗೆ ಮಲೇರಿಯಾದ ಚಳಿಜ್ವರ ಮರೆತಿಲ್ಲ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಮನೆ ಗೋಡೆಗಳಿಗೆಲ್ಲ ಡಿಡಿಟಿ ಹೊಡೆದರು. 1965ರ ಹೊತ್ತಿಗೆ ದೇಶದಲ್ಲಿ ಮಲೇರಿಯಾ ವರ್ಷಕ್ಕೆ ಸುಮಾರು 1 ಲಕ್ಷ ಪ್ರಕರಣಕ್ಕೆ ಇಳಿಯಿತು. 1976ರಲ್ಲಿ ಅದು ಮತ್ತೆ 64 ಲಕ್ಷ ದಾಟಿತು. ಅದಕ್ಕೆ ಕಾರಣ ಹಲವು. ಸೊಳ್ಳೆ ಡಿಡಿಟಿಗೆ ಸಾಯದಂತಾದದ್ದು ಅದರಲ್ಲಿ ಒಂದು.

ಈಗ ಅಂಗಡಿಯ ವಿಷಯಕ್ಕೆ ಬರುತ್ತೇನೆ. ಔಷಧಿ ಯಾವುದು ಎಂದು ತೀರ್ಮಾನ ಆಗುವುದು ಹೊಲದಲ್ಲೂ ಅಲ್ಲ, ರೈತ ಸಂಪರ್ಕ ಕೇಂದ್ರದಲ್ಲೂ ಅಲ್ಲ. ಗೊಬ್ಬರದ ಅಂಗಡಿಯ ಟೇಬಲ್ ಮುಂದೆ. ಸಂಜೆ ಹೊತ್ತು ಯಾವ ಅಂಗಡಿಗೆ ಹೋದರೂ ಈ ಮಾತು ಕೇಳಿಸುತ್ತದೆ.

"ಅಣ್ಣ, ಹೋದ ವಾರ ಕೊಟ್ಟಿದ್ದು ಕೆಲಸ ಮಾಡ್ಲಿಲ್ಲ."

"ಹಾಗಾದ್ರೆ ಇದು ತಗೊಂಡೋಗಿ. ಹೊಸದು ಬಂದಿದೆ. ಗ್ಯಾರಂಟಿ ಸಾಯುತ್ತೆ."

ಒಂದು ಸಲ ಹಾಗೆ ಕೊಟ್ಟ ಹೊಸ ಬಾಟಲಿ ಮತ್ತು ಹಳೆ ಬಾಟಲಿ ಎರಡನ್ನೂ ಪಕ್ಕದಲ್ಲಿಟ್ಟು ಸಣ್ಣ ಅಕ್ಷರ ಓದಿದೆ. ಹೆಸರು ಬೇರೆ, ಬಣ್ಣ ಬೇರೆ, ಬೆಲೆ ಬೇರೆ. ಒಳಗಿರುವ ಔಷಧಿ ಒಂದೇ: ಶೇ. 18.5ರ ಕ್ಲೋರಾಂಟ್ರಾನಿಲಿಪ್ರೋಲ್. 2022ರಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಹತ್ತಾರು ಕಂಪನಿಗಳ ಹೆಸರಲ್ಲಿ ಅದು ಸಿಗುತ್ತಿದೆ. ಕೊಳ್ಳುವ ರೈತ ಮಾತ್ರ ಔಷಧಿ ಬದಲಾಯಿಸಿದೆ ಎಂದು ನಂಬಿ ಹೋಗುತ್ತಾನೆ.

ಅಂಗಡಿಯವರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ರಾತ್ರಿ ಎಂಟು ಗಂಟೆಗೆ ನಮ್ಮ ಕಷ್ಟ ಕೇಳಲು ತೆರೆದಿರುವುದು ಅವರ ಬಾಗಿಲು. ಸಾಲ ಬರೆದುಕೊಂಡು ಔಷಧಿ ಕೊಡುವವರೂ ಅವರೇ. ಅವರಲ್ಲಿ ಗೊಬ್ಬರ, ಔಷಧಿ ಮಾರುವವರಿಗೆಂದೇ ಇರುವ ಒಂದು ವರ್ಷದ ದೇಸಿ (DAESI) ಡಿಪ್ಲೊಮಾ ಓದಿದವರೂ ಇದ್ದಾರೆ, ವಿಷಯ ಗೊತ್ತಿದೆ. ಆದರೆ ಮುಂದೆ ನಿಂತ ರೈತ ಬ್ರ್ಯಾಂಡ್ ಹೆಸರು ಹೇಳುತ್ತಾನೆ, ಹಿಂದೆ ಕಂಪನಿಯವರು ಟಾರ್ಗೆಟ್ ಕೊಟ್ಟಿರುತ್ತಾರೆ. ಮಧ್ಯೆ ನಿಂತು ಸರಿ ಮಾತು ಹೇಳಲು ಅವರಿಗೂ ಒಂದು ಆಸರೆ ಬೇಕು.

ಆ ಆಸರೆ ಆಗಲೇ ಇದೆ. ಕೀಟನಾಶಕಗಳು ಹುಳವನ್ನು ಕೊಲ್ಲುವ ರೀತಿಯ ಮೇಲೆ ಅವನ್ನು ಗುಂಪು ಮಾಡಿ ಅಂಕಿ ಕೊಟ್ಟಿದ್ದಾರೆ. ಜಗತ್ತಿನ ಎಲ್ಲ ಕಡೆ ಅದೇ ಅಂಕಿ. ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್ 1ನೇ ಗುಂಪು. ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಾಲೋಥ್ರಿನ್ 3. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಮ್ 4. ಸ್ಪಿನೋಸ್ಯಾಡ್, ಸ್ಪಿನೆಟೋರಾಮ್ 5. ಎಮಾಮೆಕ್ಟಿನ್ 6. ನೊವಲ್ಯೂರಾನ್ 15. ಇಂಡಾಕ್ಸಾಕಾರ್ಬ್ 22. ಕ್ಲೋರಾಂಟ್ರಾನಿಲಿಪ್ರೋಲ್, ಫ್ಲೂಬೆಂಡಿಯಾಮೈಡ್, ಸಯಾಂಟ್ರಾನಿಲಿಪ್ರೋಲ್ ಮೂರೂ 28. ನಮ್ಮ ರೈತರಿಗೆ ಈ ಕಷ್ಟದ ಹೆಸರುಗಳು ಬಾಯಿಗೆ ಬರುವುದಿಲ್ಲ. ಅಂಕಿ ಬರುತ್ತದೆ. ಬಸ್ಸಿನ ನಂಬರ್, ಸರ್ವೆ ನಂಬರ್ ನೆನಪಿಡುವವರಿಗೆ ಇದೇನು ದೊಡ್ಡದಲ್ಲ. "ಹೋದ ಸಲ 28 ಹೊಡೆದಿದ್ದೆ, ಈ ಸಲ ಅದು ಬೇಡ" ಎಂದು ಹೇಳಲು ಬಂದರೆ ಸಾಕು, ಅರ್ಧ ಕೆಲಸ ಆಯಿತು.

ಇನ್ನೊಂದು ಗಂಭೀರ ವಿಷಯ ಇದೆ. ಬಯೋ ಎಂಬ ಹೆಸರಿನಲ್ಲಿ ಕೆಲವು ಬಾಟಲಿಗಳು ಊರೂರಿಗೆ ಬರುತ್ತಿವೆ. ಮೇಲೆ ಎಲೆ, ಬೇರು, ಹೂವಿನ ಚಿತ್ರ. ಒಳಗೆ ಏನಿದೆ ಎಂಬ ಹೆಸರಿಲ್ಲ, ನೋಂದಣಿ ಸಂಖ್ಯೆ ಇಲ್ಲ, ವಿಷದ ತೀವ್ರತೆ ತೋರಿಸುವ ಬಣ್ಣದ ಗುರುತೂ ಇಲ್ಲ. ಮೊದಲ ಸಲ ಹೊಡೆದಾಗ ಹುಳ ಪಟಪಟ ಉದುರುತ್ತದೆ. ಬರೀ ಗಿಡಮೂಲಿಕೆಗೆ ಹೀಗೆ ಉದುರುತ್ತದೆ ಎಂದರೆ ನಂಬುವುದು ಕಷ್ಟ. ಒಳಗೆ ಏನಿದೆ ಎಂದು ಗೊತ್ತಿಲ್ಲದೆ ಗುಂಪು ಬದಲಾಯಿಸುವುದು ಹೇಗೆ? ನಾವು 28 ಬಿಟ್ಟೆವು ಎಂದುಕೊಂಡು ಈ ಬಾಟಲಿ ಹಿಡಿದರೆ ಅದರಲ್ಲೇ 28 ಇರಬಹುದು. ಕೀಟನಾಶಕ ಕಾಯ್ದೆ ಬಂದದ್ದು 1968ರಲ್ಲಿ. ಬಾಟಲಿಯ ಮೇಲೆ ಔಷಧಿಯ ಹೆಸರು ಇರಬೇಕು, ಮಾರಿದವರು ಬಿಲ್ ಕೊಡಬೇಕು ಎಂದು ನಿಯಮ ಇದೆ. ಪರಿವೀಕ್ಷಕರಿಗೆ ಸ್ಯಾಂಪಲ್ ತೆಗೆಯುವ ಅಧಿಕಾರವೂ ಇದೆ. ದಯವಿಟ್ಟು ಅದನ್ನು ಈ ಬಾಟಲಿಗಳ ಮೇಲೆ ಬಳಸಿ. ಬಿಲ್‌ನಲ್ಲಿ ಬ್ರ್ಯಾಂಡ್ ಜೊತೆಗೆ ಔಷಧಿಯ ಹೆಸರನ್ನೂ ಗುಂಪಿನ ಅಂಕಿಯನ್ನೂ ಬರೆಸಿ.

ಮಾನ್ಯರೇ, ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆದದ್ದಕ್ಕೆ ಕಾರಣ ಇದೆ. ಮುಸುಕಿನ ಜೋಳ ಕೃಷಿ ಇಲಾಖೆಗೆ ಬರುತ್ತದೆ, ಟೊಮೆಟೊ ತೋಟಗಾರಿಕೆಗೆ. ಆದರೆ ಟೊಮೆಟೊ ಕಾಯಿ ಕೊರೆಯುವ ಹೆಲಿಕೋವರ್ಪಾ ಹುಳವೇ ಅವರೆ, ತೊಗರಿ, ಕಡಲೆ, ಮುಸುಕಿನ ಜೋಳದ ತೆನೆ ಎಲ್ಲವನ್ನೂ ತಿನ್ನುತ್ತದೆ. ಅದರ ಪತಂಗ ರಾತ್ರಿ ಹಾರಿ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುತ್ತದೆ. 2018ರಲ್ಲಿ ಫಾಲ್ ಸೈನಿಕ ಹುಳು ನಮ್ಮ ರಾಜ್ಯಕ್ಕೆ ಬಂದಾಗಿನಿಂದ ಜೋಳದ ಹೊಲಗಳಿಗೂ ಎಮಾಮೆಕ್ಟಿನ್, ಕ್ಲೋರಾಂಟ್ರಾನಿಲಿಪ್ರೋಲ್ ಬೀಳುತ್ತಿವೆ. ಅದೇ ಹೊಲದ ಜೋಳದಲ್ಲಿರುವ ಹೆಲಿಕೋವರ್ಪಾಕ್ಕೂ ಅದು ಬೀಳುತ್ತದೆ. ಅಲ್ಲಿ ಉಳಿದ ಹುಳ ನಮ್ಮ ಟೊಮೆಟೊಗೆ ಬರುತ್ತದೆ. ಅಲ್ಲೂ ನಾವು ಅದನ್ನೇ ಹೊಡೆಯುತ್ತೇವೆ. ಒಂದು ಇಲಾಖೆ ಜೋಳಕ್ಕೆ ಒಂದು ಔಷಧಿ ಹೇಳಿ, ಇನ್ನೊಂದು ಇಲಾಖೆ ಅದೇ ತಿಂಗಳಲ್ಲಿ ಟೊಮೆಟೊಗೂ ಅದನ್ನೇ ಹೇಳಿದರೆ ಇಬ್ಬರ ಸಲಹೆಯೂ ಬೇರೆ ಬೇರೆಯಾಗಿ ಸರಿ, ಸೇರಿಸಿ ನೋಡಿದರೆ ತಪ್ಪು.

ಹಾಗಾಗಿ ನನ್ನ ಮುಖ್ಯ ಬೇಡಿಕೆ ಇಷ್ಟು. ಎರಡೂ ಇಲಾಖೆ ಕೂತು ಹೋಬಳಿಗೆ ಒಂದು ಸರದಿ ಪಟ್ಟಿ ಮಾಡಿ. ಇಂಥ ತಿಂಗಳು ಈ ಗುಂಪುಗಳು, ಮುಂದಿನ ತಿಂಗಳು ಅವು ಬೇಡ, ಬೇರೆಯವು ಎಂದು ಗೊತ್ತು ಮಾಡಿ. ಒಂದು ತಲೆಮಾರಿನ ಹುಳಕ್ಕೆ ಹೊಡೆದ ಗುಂಪನ್ನು ಮುಂದಿನ ತಲೆಮಾರಿಗೆ ಹೊಡೆಯಬಾರದು ಎಂಬುದು ಇದರ ಹಿಂದಿನ ಲೆಕ್ಕ. ಒಬ್ಬ ರೈತ ತನ್ನ ಎರಡು ಎಕರೆಯಲ್ಲಿ ಇದನ್ನು ಪಾಲಿಸಿದರೆ ಏನೂ ಆಗುವುದಿಲ್ಲ. ಪತಂಗ ಬೇಲಿ ಹಾರಿ ಬರುತ್ತದೆ. ಇಡೀ ಹೋಬಳಿ ಪಾಲಿಸಿದರೆ ಆಗುತ್ತದೆ. ಹವಾಯಿಯ ಉದಾಹರಣೆ ನೋಡಿ. ಅಲ್ಲಿ ಸ್ಪಿನೋಸ್ಯಾಡ್ ಬಳಕೆಗೆ ಬಂದದ್ದು 1998ರಲ್ಲಿ. 2000ದ ಹೊತ್ತಿಗೆ ಕೋಸಿನ ಹುಳ ಅದಕ್ಕೆ ಸಾಯುವುದನ್ನು ನಿಲ್ಲಿಸಿತ್ತು. ಆಮೇಲೆ ಅಲ್ಲಿನ ಬೆಳೆಗಾರರು ಅದನ್ನು ನಿಲ್ಲಿಸಿ, ಬೇರೆ ಗುಂಪುಗಳನ್ನು ಪ್ರದೇಶವಾರು ಸರದಿಯಲ್ಲಿ ಬಳಸುವ ಪದ್ಧತಿಗೆ ಬಂದರು.

ಪಟ್ಟಿ ಮಾಡುವ ಮೊದಲು ಯಾವ ಗುಂಪು ಇನ್ನೂ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು. ಅದಕ್ಕೆ ಪರೀಕ್ಷೆ ಬೇಕು. ದೊಡ್ಡ ಯಂತ್ರ ಬೇಕಾಗಿಲ್ಲ. ಕೋಸಿನ ಎಲೆಯ ತುಂಡನ್ನು ಅಳತೆಯ ಔಷಧಿ ನೀರಿನಲ್ಲಿ ಸೆಕೆಂಡುಗಳ ಕಾಲ ಅದ್ದಿ, ಆರಿಸಿ, ಅದರ ಮೇಲೆ ಹೊಲದಿಂದ ತಂದ ಹುಳ ಬಿಟ್ಟು, ಎರಡು ಮೂರು ದಿನದ ಮೇಲೆ ಎಷ್ಟು ಸತ್ತವು ಎಂದು ಎಣಿಸುವುದು. ಕಾರೆಕೆರೆಯಲ್ಲಿ ಕೃಷಿ ಕಾಲೇಜು ಇದೆ. ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಕೀಟಶಾಸ್ತ್ರ ಓದುವ ಮಕ್ಕಳಿದ್ದಾರೆ. ವರ್ಷಕ್ಕೆ ಒಂದೆರಡು ಸಲ ಪ್ರತಿ ತಾಲ್ಲೂಕಿನ ಹುಳ ತಂದು ಹೀಗೆ ಪರೀಕ್ಷೆ ಮಾಡಿ, ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ರೈತ ಸಂಪರ್ಕ ಕೇಂದ್ರದ ಗೋಡೆಗೆ ಅಂಟಿಸಲು ನೀವು ಅವರನ್ನು ಕೇಳಬೇಕು. ಹುಳ ಸಾಯದ ಔಷಧಿಗೆ ಸುಮ್ನೆ ದುಡ್ಡು ಸುರಿಯುವುದಾದರೂ ತಪ್ಪುತ್ತದೆ.

ಔಷಧಿಯನ್ನು ಬದಲಾಯಿಸುವುದರ ಜೊತೆಗೆ ಅದನ್ನು ಕಡಿಮೆ ಮಾಡುವುದೂ ಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಕೋಸಿನ ನಡುವೆ ಸಾಸಿವೆ ಸಾಲು ಹಾಕುವ ಪದ್ಧತಿಯನ್ನು ಎಷ್ಟೋ ವರ್ಷದ ಹಿಂದೆಯೇ ಹೇಳಿದ್ದಾರೆ. 25 ಸಾಲು ಕೋಸಿಗೆ ಒಂದು ಜೋಡಿ ಸಾಸಿವೆ. ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮುಂಚೆ, ಇನ್ನೊಂದನ್ನು ನಾಟಿಯಾಗಿ 25 ದಿನಕ್ಕೆ ಬಿತ್ತಬೇಕು. ಪತಂಗ ಕೋಸಿಗಿಂತ ಸಾಸಿವೆಯ ಮೇಲೆ ಮೊಟ್ಟೆ ಇಡಲು ಇಷ್ಟಪಡುತ್ತದೆ. ಜೊತೆಗೆ ಶೇ. 4ರ ಬೇವಿನ ಬೀಜದ ಕಷಾಯ. ಇವೆಲ್ಲ ನಮ್ಮ ರೈತರಿಗೆ ಇಷ್ಟವಿಲ್ಲ ಅಂತ ಅಲ್ಲ. ನಾಟಿ ಸಮಯಕ್ಕೆ ಸಿಗುವುದಿಲ್ಲ. ಬೇವಿನ ಸೋಪು, ಪತಂಗವನ್ನು ಸೆಳೆದು ಹಿಡಿಯುವ ಮೋಹಕ ಬಲೆ, ಸಾಸಿವೆ ಬೀಜ ರೈತ ಸಂಪರ್ಕ ಕೇಂದ್ರಕ್ಕೆ ಬರುವ ಹೊತ್ತಿಗೆ ಕೋಸು ಗಡ್ಡೆ ಕಟ್ಟಿರುತ್ತದೆ. ಇವನ್ನು ನಾಟಿಗೆ ಮೊದಲು ಕೇಂದ್ರದಲ್ಲಿ ಇಡಿಸಿ.

ಮಿತ್ರ ಕೀಟಗಳ ವಿಷಯದಲ್ಲೂ ಹೊಲಕ್ಕೆ ಬಂದು ತೋರಿಸುವವರು ಬೇಕು. ಕೋಸಿನ ಎಲೆಯ ಮೇಲೆ ಅಕ್ಕಿ ಕಾಳಿಗಿಂತ ಚಿಕ್ಕದಾದ ಬಿಳಿ ಗೂಡು ಕಾಣುತ್ತದೆ. ಅದು ಕೊಟೇಸಿಯಾ ಎಂಬ ಸಣ್ಣ ಕಣಜದ ಗೂಡು. ಅದರ ಮರಿ ಕೋಸಿನ ಹುಳದ ಒಳಗೆ ಬೆಳೆದು, ಅದನ್ನು ಕೊಂದು ಹೊರಗೆ ಬಂದು ಗೂಡು ಕಟ್ಟಿರುತ್ತದೆ. ಹುಳದ ಗೂಡು ಬಲೆಯ ಹಾಗೆ ತೆಳ್ಳಗಿದ್ದು ಒಳಗಿನ ಕೋಶ (ಪತಂಗ ಆಗುವ ಮೊದಲಿನ ಹಂತ) ಕಾಣುತ್ತದೆ. ಕಣಜದ್ದು ಹತ್ತಿಯ ಹಾಗೆ ಗಟ್ಟಿ ಬಿಳಿ. ಬಿಳಿ ಗೂಡನ್ನು ನೋಡಿ ಹುಳ ಜಾಸ್ತಿ ಆಯಿತೆಂದು ಸೈಪರ್‌ಮೆಥ್ರಿನ್ ಹೊಡೆದವರನ್ನು ನೋಡಿದ್ದೇನೆ. ಔಷಧಿಗೆ ಜಗ್ಗದ ಹುಳ ಉಳಿಯಿತು, ಅದನ್ನು ಕೊಲ್ಲುತ್ತಿದ್ದ ಕಣಜ ಸತ್ತಿತು.

ಹಾಸನ ಆಲೂಗಡ್ಡೆಗೆ ಹೆಸರಾದ ಜಿಲ್ಲೆ. ಅಂಗಮಾರಿ ಬಂದ ಮೇಲೆ ಎಷ್ಟು ಹೊಲಗಳು ಆಲೂಗಡ್ಡೆ ಬಿಟ್ಟು ಜೋಳಕ್ಕೆ, ಶುಂಠಿಗೆ ಹೋದವು ಎಂಬುದನ್ನು ನೀವೇ ನೋಡಿದ್ದೀರಿ. ಅದು ಶಿಲೀಂಧ್ರದಂಥ ರೋಗಾಣುವಿನ ಕಾಟ, ಇದು ಹುಳ. ಆದರೆ ಒಂದು ಬೆಳೆ ಕೈತಪ್ಪಿದರೆ ಜಿಲ್ಲೆಗೆ ಏನಾಗುತ್ತದೆ ಎಂದು ತಿಳಿಯಲು ನಮಗೆ ಬೇರೆ ಊರಿನ ಕತೆ ಬೇಕಾಗಿಲ್ಲ.

ಎಲ್ಲ ಹೋಬಳಿಯಲ್ಲೂ ಒಂದೇ ಸಲ ಮಾಡಿ ಎಂದು ಕೇಳುತ್ತಿಲ್ಲ. ಮುಂದಿನ ಮುಂಗಾರಿಗೆ ಮೊದಲು ತರಕಾರಿ ಜಾಸ್ತಿ ಇರುವ ಒಂದು ಹೋಬಳಿಯಲ್ಲಿ ಶುರು ಮಾಡಿ. ಅಲ್ಲಿನ ಎಲ್ಲ ಗೊಬ್ಬರದ ಅಂಗಡಿಗಳಲ್ಲಿ ಗುಂಪಿನ ಅಂಕಿಯ ಬೋರ್ಡನ್ನು ಕನ್ನಡದಲ್ಲಿ, ದೂರದಿಂದ ಓದುವಷ್ಟು ದಪ್ಪ ಅಕ್ಷರದಲ್ಲಿ ಹಾಕಿಸಿ. ಅಂಗಡಿಯವರು, ರೈತರು, ನಿಮ್ಮ ಸಿಬ್ಬಂದಿ ಮೂವರನ್ನೂ ಒಂದು ಸಭೆಗೆ ಕರೆಯಿರಿ. ಪರೀಕ್ಷೆಗೆ ಹುಳ ಹಿಡಿದು ಕೊಡುವುದು, ಸಾಸಿವೆ ಸಾಲು ಹಾಕಿ ತೋರಿಸಲು ಹೊಲ ಬಿಟ್ಟುಕೊಡುವುದು, ಸಭೆಗೆ ಜನ ಸೇರಿಸುವುದು ನಮ್ಮ ಊರಿನವರ ಜವಾಬ್ದಾರಿ. ಈ ಬಗ್ಗೆ ಊರಿನಲ್ಲಿ ಮಾತಾಡಿಯೇ ಬರೆಯುತ್ತಿದ್ದೇನೆ. ಸಭೆಯ ದಿನಾಂಕವನ್ನು ನೀವು ತಿಳಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಬೇಲೂರು ತಾಲ್ಲೂಕಿನ ಒಬ್ಬ ತರಕಾರಿ ಬೆಳೆಗಾರ